ಒಂದು ಗುಂಟೆ, ಒಂದು ಚೌಕ: ಮಲ್ಲತ್ತಹಳ್ಳಿಯಲ್ಲಿ ನಿಂತು ಓದಿದ ಬೆಂಗಳೂರು



ಈ ಸಭೆಗೆ ಬರುವ ಮುಂಚೆ ಮಲ್ಲತ್ತಹಳ್ಳಿಯ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು ಬಂದೆ. ಕೈಯಲ್ಲಿ ಎರಡು ಬಗೆಯ ಹಾಳೆಗಳಿದ್ದವು. ಒಂದು, ಸರ್ವೇ ಆಫ್ ಇಂಡಿಯಾದ ಹಳೆಯ ಭೂಪಟ. ಇನ್ನೊಂದು, ಉಪಗ್ರಹ ತೆಗೆದ ಚಿತ್ರದ ಪ್ರಿಂಟು. ಇವೆರಡನ್ನೂ ಕಾಲಡಿಯ ನೆಲವನ್ನೂ ಒಟ್ಟಿಗೆ ಓದುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಭೂಪಟದಿಂದಲೇ ಶುರು ಮಾಡುತ್ತೇನೆ. ಸರ್ವೇ ಆಫ್ ಇಂಡಿಯಾ ದೇಶವನ್ನು ಕಾಲು ಡಿಗ್ರಿ ಅಗಲ, ಕಾಲು ಡಿಗ್ರಿ ಉದ್ದದ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೆ ಒಂದೊಂದು ಹಾಳೆ ಮುದ್ರಿಸಿತು. ಪೂರ್ವ ರೇಖಾಂಶ 77 ಡಿಗ್ರಿ 30 ಮಿನಿಟಿನ ಗೆರೆ ಹಾಗೆ ಕತ್ತರಿಸಿದ ಒಂದು ಅಂಚು. ಆ ಗೆರೆ ಇದೇ ಮಲ್ಲತ್ತಹಳ್ಳಿಯನ್ನು ಸವರಿಕೊಂಡು ಹೋಗುತ್ತದೆ. ಅದರ ಪೂರ್ವಕ್ಕೆ 57 ಎಚ್/9 ಹಾಳೆ, ಪಶ್ಚಿಮಕ್ಕೆ 57 ಎಚ್/5. ಉತ್ತರಕ್ಕೆ ನಾಲ್ಕೈದು ಕಿಲೋಮೀಟರು ಹೋದರೆ 13 ಡಿಗ್ರಿ ಅಕ್ಷಾಂಶ ಸಿಗುತ್ತದೆ, ಅಲ್ಲಿಂದಾಚೆ 57 ಜಿ ಹಾಳೆಗಳು. ಕೋಟೆ, ಪೇಟೆ, ಬಸವನಗುಡಿ ಎಲ್ಲವೂ ಪೂರ್ವದ ಹಾಳೆಯ ಒಡಲೊಳಗಿವೆ. ನೀವಿರುವ ಊರು ಮಾತ್ರ ಕಾಗದದ ಅಂಚಿನಲ್ಲಿ ನಿಂತಿತು. ಈ ಊರನ್ನು ಪೂರ್ತಿ ನೋಡಬೇಕೆಂದರೆ ಎರಡು ಹಾಳೆ ತಂದು ಅಂಚಿಗೆ ಅಂಚು ಕೂಡಿಸಿ ಅಂಟಿಸಬೇಕು. ಊರು ಬೆಳೆಯುವುದು ಇಂಥ ಅಂಚುಗಳಲ್ಲೇ. ಆದ್ದರಿಂದ ನಗರದ ಕಥೆ ಹೇಳಲು ವಿಧಾನಸೌಧಕ್ಕಿಂತ ಮಲ್ಲತ್ತಹಳ್ಳಿ ಒಳ್ಳೆಯ ಜಾಗ ಎಂದು ನಾನು ನಿಜವಾಗಿ ನಂಬಿದ್ದೇನೆ.

ಇನ್ನು ಎರಡನೆಯ ಹಾಳೆ. ಉಪಗ್ರಹದ ಚಿತ್ರ ಕ್ಯಾಮೆರಾದ ಫೋಟೋದಂತೆ ಕಂಡರೂ ಅದು ಲೆಕ್ಕದ ಪಟ್ಟಿ. ನೆಲವನ್ನು ಸಮನಾದ ಚೌಕಗಳಾಗಿ ಹಂಚಿಕೊಂಡು, ಒಂದೊಂದು ಚೌಕದಿಂದ ಎಷ್ಟು ಬೆಳಕು ಮೇಲಕ್ಕೆ ಮರಳಿತು ಎಂದು ಬರೆದಿಟ್ಟ ಅಂಕಿಗಳು. ಆ ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ 1972ರ ಜುಲೈ 23ರಂದು ಮೇಲೇರಿತು. ಅದರ ಚೌಕದ ಬದಿ ಸುಮಾರು 80 ಮೀಟರು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಒಂದು ಚೌಕಕ್ಕೆ ಒಂದು ಎಕರೆ ಇಪ್ಪತ್ತಮೂರು ಗುಂಟೆ. ಅಷ್ಟು ನೆಲದಲ್ಲಿ ಮನೆ, ಹುಣಸೆಮರ, ಬಾವಿ, ತಿಪ್ಪೆ ಏನಿದ್ದರೂ ಸರಿ, ಎಲ್ಲ ಕಲಸಿ ಒಂದೇ ಬಣ್ಣ. ಇವತ್ತಿನ 30 ಅಡಿ ಬೈ 40 ಅಡಿಯ ನಿವೇಶನಗಳು ಆ ಒಂದು ಚೌಕದಲ್ಲಿ ಐವತ್ತೇಳು ಹಿಡಿಯುತ್ತವೆ. 1984ರಲ್ಲಿ ಬಂದ ಲ್ಯಾಂಡ್‌ಸ್ಯಾಟ್-5ರ ಹೊತ್ತಿಗೆ ಚೌಕದ ಬದಿ 30 ಮೀಟರಿಗೆ ಇಳಿಯಿತು, ಅಂದರೆ ಸುಮಾರು ಒಂಬತ್ತು ಗುಂಟೆ. 2015ರಲ್ಲಿ ಯುರೋಪಿನವರು ಕಳಿಸಿದ ಸೆಂಟಿನೆಲ್-2ರದು 10 ಮೀಟರು.

ಈ ಹತ್ತು ಮೀಟರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಶುರುವಾದದ್ದು 1860ರ ದಶಕದಲ್ಲಿ. ಮೋಜಣಿದಾರ ಹೊಲಕ್ಕೆ ಒಯ್ಯುತ್ತಿದ್ದ ಸರಪಳಿಯ ಉದ್ದ 33 ಅಡಿ, ಅದಕ್ಕೆ ಹದಿನಾರು ಆಣೆ. ಉದ್ದಕ್ಕೆ ಒಂದು ಸರಪಳಿ, ಅಡ್ಡಕ್ಕೆ ಒಂದು ಸರಪಳಿ ಎಳೆದರೆ ಸಿಗುವ ಚದರವೇ ಗುಂಟೆ. 33 ಅಡಿಯನ್ನು ಮೀಟರಿಗೆ ತಿರುಗಿಸಿ ನೋಡಿ: 10.06. ಅಂದರೆ 786 ಕಿಲೋಮೀಟರು ಎತ್ತರದಲ್ಲಿ ತಿರುಗುವ ಸೆಂಟಿನೆಲ್ ನೆಲವನ್ನು ಅಳೆಯುತ್ತಿರುವುದು ಹೆಚ್ಚುಕಮ್ಮಿ ಗುಂಟೆಗಳಲ್ಲಿ! ಅದನ್ನು ಕಟ್ಟಿದವರಿಗೆ ಗುಂಟೆ ಎಂಬ ಮಾತು ಗೊತ್ತಿರಲಿಕ್ಕಿಲ್ಲ, ಇದು ಬರಿಯ ಕಾಕತಾಳೀಯ. ಆದರೂ ಈ ಲೆಕ್ಕ ಮೊದಲ ಸಲ ಕಣ್ಣಿಗೆ ಬಿದ್ದ ದಿನ ನನಗೆ ಹೇಳಲಾರದಷ್ಟು ಸಂತೋಷವಾಯಿತು. ಪಹಣಿ ಓದಬಲ್ಲ ರೈತನಿಗೆ ಉಪಗ್ರಹದ ಚಿತ್ರ ಓದಲು ಬೇರೆ ಅಳತೆಗೋಲು ಬೇಕಿಲ್ಲ. ಒಂದು ಚೌಕ, ಒಂದು ಗುಂಟೆ. ನಲವತ್ತು ಚೌಕ, ಒಂದು ಎಕರೆ.

ನಿಮ್ಮ ಕೆರೆ ಸುಮಾರು 71 ಎಕರೆ. 1972ರ ಲ್ಯಾಂಡ್‌ಸ್ಯಾಟ್‌ಗೆ ಅದು ನಲವತ್ತೈದು ಚೌಕ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಚೌಕಗಳು ದಂಡೆಯನ್ನು ತಾಗಿರುವಂಥವು, ಒಂದು ಪಾಲು ನೀರು, ಒಂದು ಪಾಲು ಮಣ್ಣು. 30 ಮೀಟರಿನ ಚಿತ್ರದಲ್ಲಿ ಅದೇ ಕೆರೆ ಮುನ್ನೂರ ಇಪ್ಪತ್ತು ಚೌಕ, ಸೆಂಟಿನೆಲ್‌ನಲ್ಲಿ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು. ‘ಕೆರೆ 1973ರಲ್ಲಿ ಇಷ್ಟಿತ್ತು, ಈಗ ಇಷ್ಟಾಗಿದೆ’ ಎಂದು ಯಾರಾದರೂ ಎರಡು ಅಂಕಿ ಮುಂದಿಟ್ಟರೆ, ಯಾವ ಚೌಕದಿಂದ ಅಳೆದಿರಿ ಎಂದು ಮೊದಲು ಕೇಳಿ. ದೊಡ್ಡ ಕೊಳಗದಲ್ಲಿ ಅಳೆದ ರಾಗಿಯನ್ನು ಸಣ್ಣ ಪಾವಿನಲ್ಲಿ ಅಳೆದ ರಾಗಿಯ ಜೊತೆ ಹೋಲಿಸುವಾಗ ಮನೆಯ ಹೆಂಗಸರು ಎಷ್ಟು ಎಚ್ಚರ ವಹಿಸುತ್ತಾರೋ ಇಲ್ಲೂ ಅಷ್ಟು ಎಚ್ಚರ ಬೇಕು.

ಹಳೆಯ ನಕ್ಷೆಗಳ ಮಾತಿಗೆ ಬರುತ್ತೇನೆ. ಬೆಂಗಳೂರಿನ ಸವಿವರ ನಕ್ಷೆಗಳಲ್ಲಿ ಹೆಸರಾದವು 1791ರವು. ಆ ವರ್ಷದ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಕೋಟೆಯನ್ನು ಮುತ್ತಿದಾಗ ಅವನ ಸೈನ್ಯದ ಜೊತೆಗಿದ್ದ ಕ್ಲಾಡ್ ಮಾರ್ಟಿನ್ ಮುಂತಾದವರು ಬರೆದದ್ದು. ಯುದ್ಧದ ನಕ್ಷೆ ಫಿರಂಗಿಯ ದೃಷ್ಟಿಗೆ ಬೇಕಾದಷ್ಟನ್ನೇ ತೋರಿಸುತ್ತದೆ. ಮಲ್ಲತ್ತಹಳ್ಳಿಯಂಥ ಊರು ಅದರ ಲೆಕ್ಕಕ್ಕೆ ಬರುವುದಿಲ್ಲ. ಟಿಪ್ಪು ಮಡಿದ ಮೇಲೆ 1799ರಿಂದ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ನಡೆಸಿದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿಯೇ ಉಕ್ಕಿನ ಸರಪಳಿ ಹಾಸಿ ತಳರೇಖೆ ಅಳೆದ. ಎರಡು ವರ್ಷದ ನಂತರ ಮದರಾಸಿನಲ್ಲಿ ವಿಧ್ಯುಕ್ತವಾಗಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ತಾಲೀಮು ಇದ್ದಂತೆ.

ಇವರೆಲ್ಲರಿಗಿಂತ ಮುಂಚೆಯೂ ನಮ್ಮಲ್ಲಿ ನಕ್ಷೆಯಿತ್ತು, ಕಲ್ಲಿನ ಮೇಲೆ, ಮಾತಿನಲ್ಲಿ. ದಾನಶಾಸನಗಳನ್ನು ಓದಿ ನೋಡಿ: ಮೂಡಲಿಗೆ ಇಂಥ ಕೆರೆಯ ಕೋಡಿ, ತೆಂಕಲಿಗೆ ಇಂಥ ಊರಿನ ದಾರಿ, ಪಡುವಲಿಗೆ ಹುತ್ತ, ಬಡಗಲಿಗೆ ನಟ್ಟ ಕಲ್ಲು ಎಂದು ಗಡಿ ಹೇಳುತ್ತಾ ಹೋಗುತ್ತವೆ. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಕೂಡಿಸಿಕೊಟ್ಟರು. ಈಗ ಮಿಥಿಕ್ ಸೊಸೈಟಿಯವರು ಊರೂರು ಸುತ್ತಿ ಆ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ನಗರದ ಬೆಳವಣಿಗೆ ಅಳೆಯುವವರು ಶಾಸನವನ್ನು ಸಾಹಿತ್ಯದವರ ಪಾಲಿಗೆ ಬಿಟ್ಟು ಕೂರಬಾರದು. ಒಂದು ಕೆರೆ ಸಾವಿರ ವರ್ಷದ ಹಿಂದೆಯೂ ಅಲ್ಲಿತ್ತು ಎಂದು ಹೇಳುವ ಶಕ್ತಿ ಯಾವ ಉಪಗ್ರಹಕ್ಕೂ ಇಲ್ಲ.

ಹಾಳೆಯ ಮೇಲೆ ಚಿತ್ರವನ್ನು ಕೂರಿಸುವ ಕೆಲಸ ಹೇಗೆ ನಡೆಯುತ್ತದೆ, ಮಕ್ಕಳಿಗೆ ಹೇಳಬೇಕು. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತೆರೆಯುತ್ತೇವೆ. ಕ್ಯೂಜಿಐಎಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹಾಳೆಯಲ್ಲೂ ಚಿತ್ರದಲ್ಲೂ ಬದಲಾಗದೆ ಉಳಿದ ಜಾಗಗಳನ್ನು ಹುಡುಕಿ, ಇದು ಅದೇ ಎಂದು ಗುರುತು ಹಾಕುತ್ತಾ ಹೋಗಬೇಕು. ಎಂಟು ಹತ್ತು ಗುರುತು ಸಿಕ್ಕರೆ ಹಾಳೆ ಎಳೆದು ಹಿಗ್ಗಿ ಚಿತ್ರದ ಮೇಲೆ ಕೂರುತ್ತದೆ. ಗುರುತಿಲ್ಲದೆ ಹಾಗೆಯೇ ಹೇರಿದರೆ ಕೆರೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಜರುಗಿ ನಿಲ್ಲುತ್ತದೆ. ಹಳೆಯ ಭೂಪಟಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರವನ್ನು ನೆಚ್ಚಿದರೆ ಉಪಗ್ರಹಗಳು 1984ರ ಬೇರೆ ಆಕಾರವನ್ನು ನೆಚ್ಚುವುದೇ ಇದಕ್ಕೆ ಮುಖ್ಯ ಕಾರಣ.

ಐವತ್ತು ವರ್ಷದಲ್ಲಿ ಬದಲಾಗದೆ ಉಳಿದದ್ದು ಬೆಂಗಳೂರಿನಂಥ ಊರಿನಲ್ಲಿ ಏನಿದೆ? ಹುಡುಕಿ ಹುಡುಕಿ ನನಗೆ ಸಿಕ್ಕ ಉತ್ತರ ಮೂರು. ಹಳೆಯ ಗುಡಿ, ಬಂಡೆ, ಕೆರೆಯ ಏರಿ. ಅದರಲ್ಲೂ ಏರಿ. ರಸ್ತೆ ಅಗಲವಾಗುತ್ತದೆ, ತಿರುವು ನೇರವಾಗುತ್ತದೆ, ಗುಡಿಯನ್ನು ಕೆಡವಿ ದೊಡ್ಡದಾಗಿ ಕಟ್ಟುತ್ತಾರೆ. ಏರಿ ಮಾತ್ರ, ಕೆರೆ ಬತ್ತಿದ್ದರೂ, ಮೇಲೆ ಟಾರು ಬಿದ್ದಿದ್ದರೂ ತನ್ನ ಬಾಗನ್ನು ಬಿಡುವುದಿಲ್ಲ. ಮಣ್ಣು ಹೊತ್ತ ಒಡ್ಡರ ಕೈ ಎಳೆದ ಆ ಬಾಗು ಎಷ್ಟೋ ತಲೆಮಾರಿನ ಮೇಲೂ ಆಕಾಶದಿಂದ ಕಾಣುತ್ತದೆ. ಹೊಸ ನಗರದ ಚಿತ್ರವನ್ನು ಅದರ ಜಾಗಕ್ಕೆ ತಂದು ಕೂರಿಸಲು ಇವತ್ತಿಗೂ ನಾವು ಹಿಡಿಯುವ ಮೊಳೆ ಅದು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಂದು ಸಂಗತಿ. ಉಪಗ್ರಹದ ಚಿತ್ರಕ್ಕೆ ಮೋಡ ಶತ್ರು. ಜೂನ್‌ನಿಂದ ನವೆಂಬರ್‌ವರೆಗೆ ಬೆಂಗಳೂರಿನ ಮೇಲೆ ಮೋಡವಿಲ್ಲದ ಆಕಾಶ ಸಿಗುವುದು ಅಪರೂಪ. ಹಾಗಾಗಿ ಅಧ್ಯಯನ ಮಾಡುವವರು ಜನವರಿಯಿಂದ ಮಾರ್ಚ್‌ವರೆಗಿನ ಚಿತ್ರಗಳನ್ನೇ ಆರಿಸಿಕೊಳ್ಳುತ್ತಾರೆ. ನಮ್ಮ ಸೀಮೆಯ ಬೇಸಾಯವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ರಾಗಿ ಬಿತ್ತುವುದು ಮುಂಗಾರಿನಲ್ಲಿ. ಹೊಲ ಹಸಿರಾಗುವುದು, ಅಕ್ಕಡಿ ಸಾಲಿನಲ್ಲಿ ಅವರೆ ಹಬ್ಬುವುದು, ಹುಚ್ಚೆಳ್ಳು ಹಳದಿ ಹೂ ಬಿಡುವುದು ಎಲ್ಲ ಮೋಡದ ಕೆಳಗೆ. ಆಕಾಶ ತಿಳಿಯಾಗುವ ಹೊತ್ತಿಗೆ ಪೈರು ಕೊಯ್ದು, ಮೆದೆ ಒಟ್ಟಿ, ಕಣ ಮಾಡಿ ಆಗಿರುತ್ತದೆ. ಉಪಗ್ರಹ ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲೆ ಹಾಯುವಾಗ ಅದಕ್ಕೆ ಕಾಣುವುದು ಕೂಳೆ ಉಳಿದ ಕೆಂಪು ಮಣ್ಣು. ಒಣಗಿದ ಕೆಂಪು ಮಣ್ಣೂ ಹೆಂಚು ಕಾಂಕ್ರೀಟೂ ಬೆಳಕನ್ನು ಮರಳಿಸುವ ರೀತಿ ಎಷ್ಟೋ ಸಲ ಒಂದನ್ನೊಂದು ಹೋಲುತ್ತವೆ. ಕಂಪ್ಯೂಟರು ಆ ಹೊಲವನ್ನು ಬೀಳು ಎಂದು ಬರೆದುಕೊಳ್ಳುತ್ತದೆ, ಕೆಲವೊಮ್ಮೆ ಕಟ್ಟಡ ಎಂದೇ ಬರೆದುಕೊಳ್ಳುತ್ತದೆ. ಒಂದು ಊರು ತಲೆತಲಾಂತರದಿಂದ ಉಂಡ ಹೊಲ ಲೆಕ್ಕದಲ್ಲಿ ಬೀಳುಭೂಮಿ. ಬೀಳುಭೂಮಿಯ ಮೇಲೆ ಬಡಾವಣೆ ಎದ್ದರೆ ಹೋದದ್ದೇನು ಎಂದು ಕೇಳುವವರಿಲ್ಲ.

ಕೆರೆಗೂ ಇಂಥದೇ ಅನ್ಯಾಯ ಆಗುತ್ತದೆ. ಹುಸಿಬಣ್ಣದ ಚಿತ್ರಗಳಲ್ಲಿ ಗಿಡಮರ ಕೆಂಪಗೆ ಕಾಣುತ್ತದೆ, ಏಕೆಂದರೆ ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಜೋರಾಗಿ ಮರಳಿಸುತ್ತದೆ. ತಿಳಿನೀರು ಅದನ್ನು ನುಂಗಿ ಕಪ್ಪಗೆ ಕಾಣುತ್ತದೆ. ಚರಂಡಿಯ ನೀರು ಸೇರಿ ಅಂತರಗಂಗೆ ಮುಚ್ಚಿಕೊಂಡ ಕೆರೆ? ಅದು ಕೆಂಪಗೆ ಕಾಣುತ್ತದೆ. ಲೆಕ್ಕದಲ್ಲಿ ಕೆರೆ ಕಳೆಯಿತು, ಹಸಿರು ಹೆಚ್ಚಿತು. ನೀರು ಒಣಗಿದ ವರ್ಷ ಅದೇ ಅಂಗಳ ಬಯಲಾಗುತ್ತದೆ. ಆದರೆ ಕೆರೆ ಎನ್ನುವುದು ನೀರಿನ ಹೆಸರಲ್ಲ. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಲ್ಲ ಸೇರಿದರೆ ಕೆರೆ. ನೀರು ಬಂದು ಹೋಗುವ ನೆಂಟ. ಉಪಗ್ರಹದ ಲೆಕ್ಕಕ್ಕೆ ಬರುವುದು ಆ ನೆಂಟ ಮಾತ್ರ, ಮನೆಯನ್ನು ಕಾಣಿಸುವುದು ಗ್ರಾಮ ನಕ್ಷೆ.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ಚಿತ್ರಗಳನ್ನು ವರ್ಷಗಟ್ಟಲೆ ಓದಿ ಕೊಟ್ಟ ಲೆಕ್ಕವನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. 1973ರಿಂದ 2009ರ ನಡುವೆ ಬೆಂಗಳೂರಿನ ಕಟ್ಟಡದ ನೆಲ ಶೇಕಡಾ 632ರಷ್ಟು ಹೆಚ್ಚಿತು, ಹಸಿರು ಶೇಕಡಾ 76ರಷ್ಟು, ಜಲಮೂಲಗಳ ವಿಸ್ತಾರ ಶೇಕಡಾ 79ರಷ್ಟು ಕುಗ್ಗಿತು. ಈ ಊರಿಗೆ ಯಾರಾದರೂ ಮಾಡಿದ ದೊಡ್ಡ ಉಪಕಾರಗಳಲ್ಲಿ ಈ ಲೆಕ್ಕವೂ ಒಂದು. ಇದು ಬರುವವರೆಗೆ ನಮ್ಮ ಸಂಕಟಕ್ಕೆ ಅಂಕಿ ಇರಲಿಲ್ಲ. ಆದರೆ ಆ ಅಂಕಿಯನ್ನು ಓದುವಾಗ ಒಂದು ಮಾತು ನೆನಪಿರಲಿ. ಇಂಥ ಅಧ್ಯಯನಗಳಲ್ಲಿ ಇಂದಿನ ನಗರದ ಗಡಿಯನ್ನೇ ಹಿಂದಕ್ಕೂ ಹಿಡಿದು ಅಳೆಯುತ್ತಾರೆ, ಇಲ್ಲವಾದರೆ ಹೋಲಿಕೆ ನಿಲ್ಲುವುದಿಲ್ಲ. ಆದ್ದರಿಂದ 1973ರ ಆ ಹಸಿರು ಲಾಲ್‌ಬಾಗಿನದು ಕಬ್ಬನ್ ಪಾರ್ಕಿನದು ಮಾತ್ರ ಆಗಿರಲಿಲ್ಲ. ಆಗಿನ್ನೂ ನಗರದ ಹೊರಗಿದ್ದ ಹಳ್ಳಿಗಳ ತೋಪು, ತೋಟ, ಗೋಮಾಳಗಳದು. ಕಳೆದುಕೊಂಡವರು ಯಾರು ಎಂಬುದಕ್ಕೆ ಆ ಶೇಕಡಾ ಅಂಕಿಯಲ್ಲಿ ಹೆಸರಿಲ್ಲ.

ನಗರ ಪಶ್ಚಿಮಕ್ಕೆ ನಡೆದು ಬಂದ ಬಗೆ ಚಿತ್ರಗಳ ಸಾಲಿನಲ್ಲಿ ಚೆನ್ನಾಗಿ ಕಾಣುತ್ತದೆ. 1949ರಲ್ಲಿ ರಾಜಾಜಿನಗರ, ಆಮೇಲೆ ವಿಜಯನಗರ, ಬಸವೇಶ್ವರನಗರ, ನಾಗರಭಾವಿ. ಊರು ಮೊದಲು ರಸ್ತೆ ಹಿಡಿದು ಬೆರಳು ಚಾಚುತ್ತದೆ, ಆಮೇಲೆ ಬೆರಳ ಸಂದಿ ತುಂಬುತ್ತದೆ. ಮಲ್ಲತ್ತಹಳ್ಳಿ ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆ ಎಂಬ ಎರಡು ಬೆರಳ ಸಂದಿಯಲ್ಲಿದೆ. ಅದಕ್ಕೇ ಇದು ತಡವಾಗಿ ತುಂಬಿತು, ತುಂಬಲು ಶುರುವಾದ ಮೇಲೆ ಬೇಗ ತುಂಬಿತು. ಹೊರವರ್ತುಲ ರಸ್ತೆ ಹಾದುಬಂದದ್ದೇ ಸಂದಿ ಮುಚ್ಚತೊಡಗಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಮಹಾನಗರ ಪಾಲಿಕೆ ಆದಾಗ ಕಾಗದವು ನೆಲದ ಹಿಂದೆ ಓಡಿಬಂದಂತಿತ್ತು. ಕಾಗದದ ಹಳೆಯ ನೆನಪು ಇನ್ನೂ ಹೋಗಿಲ್ಲ: ನಿಮ್ಮ ಕ್ರಯಪತ್ರ ತೆಗೆದು ನೋಡಿದರೆ ಇವತ್ತಿಗೂ ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿ, ಮಲ್ಲತ್ತಹಳ್ಳಿ ಗ್ರಾಮ ಎಂದೇ ಇರುತ್ತದೆ. ದಕ್ಷಿಣದಲ್ಲಿ ಜ್ಞಾನಭಾರತಿ ವಿಶ್ವವಿದ್ಯಾಲಯ ಆವರಣದ ಸಾವಿರಕ್ಕೂ ಹೆಚ್ಚು ಎಕರೆ ಮಾತ್ರ ಸುತ್ತಲಿನ ಬೂದುಬಣ್ಣದ ನಡುವೆ ಬೇರೆಯಾಗಿ ಎದ್ದು ಕಾಣುತ್ತದೆ.

ಉಪಗ್ರಹಗಳ ಕಥೆಯೂ ದೂರದ್ದಲ್ಲ. ಇಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದ ಪೀಣ್ಯದಲ್ಲಿ, ಕೈಗಾರಿಕಾ ಶೆಡ್ಡುಗಳಲ್ಲಿ, ಯು.ಆರ್. ರಾವ್ ಅವರ ತಂಡ ಆರ್ಯಭಟ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಹಾರಿತು. 1988ರ ಮಾರ್ಚ್ 17ರಂದು ನಮ್ಮದೇ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಬಂತು. 1995ರ ಕೊನೆಯಲ್ಲಿ ಹೋದ ಐಆರ್‌ಎಸ್-1ಸಿ 5.8 ಮೀಟರಿನ ಚೌಕ ಹಿಡಿಯಿತು; ಆ ಹೊತ್ತಿಗೆ ನಾಗರಿಕ ಬಳಕೆಯ ಉಪಗ್ರಹಗಳಲ್ಲಿ ಅಷ್ಟು ಸೂಕ್ಷ್ಮ ಕಣ್ಣು ಇನ್ನೊಂದಿರಲಿಲ್ಲ. ಲೋಕವನ್ನು ನೋಡುವ ಕಣ್ಣುಗಳನ್ನು ಮಾಡಿ ಕಳಿಸಿದ ಊರು ಇದು. ಆ ಕಣ್ಣುಗಳಿಂದ ತನ್ನ ಕೆರೆಗಳನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬುದು ನನ್ನ ನೋವು.

ಮರೆತದ್ದನ್ನು ಜನರ ನಡೆ ನೆನಪಿಟ್ಟಿರುವುದೂ ಉಂಟು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಹರಿಣಿ ನಾಗೇಂದ್ರ, ಹಿತಾ ಉನ್ನಿಕೃಷ್ಣನ್ ಮುಂತಾದವರು ಹಳೆಯ ನಕ್ಷೆ, ದಫ್ತರಗಳನ್ನು ಕೂಡಿಸಿ ಸಂಪಂಗಿಯ ಕಥೆಯನ್ನು ಬಿಡಿಸಿದ್ದಾರೆ. ಕೆರೆ ಹೋದರೂ ಒಂದು ಸಣ್ಣ ಕೊಳ ಉಳಿದಿದೆ. ಉಳಿದದ್ದು ಕರಗದಿಂದ. ಪ್ರತಿ ವರ್ಷ ಕರಗದ ಕಾಲಕ್ಕೆ ತಿಗಳರು ಅಲ್ಲಿಗೆ ಬರಲೇಬೇಕು, ಬರಬೇಕೆಂದರೆ ನೀರು ಇರಲೇಬೇಕು. 30 ಮೀಟರಿನ ಚಿತ್ರದಲ್ಲಿ ಕಣ್ಣಿಗೆ ಬೀಳದ ನೀರು ಅದು. ಕರಗದ ಹಾದಿಯನ್ನು ಕಾಗದದ ಮೇಲೆ ಎಳೆದರೆ ಬೆಂಗಳೂರಿನ ಹಳೆಯ ನೀರಿನ ನಕ್ಷೆಯ ಒಂದು ತುಂಡು ಸಿಗುತ್ತದೆ.

ನಿವೇಶನ ಕೊಳ್ಳುವ ಯುವಕರು ಈ ಸಭೆಯಲ್ಲೂ ಇರಬಹುದು. ನೀವು ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡಿ, ಜಾಗ ಒಣಗಿದೆ, ಸಮತಟ್ಟಾಗಿದೆ ಎಂದು ನೆಮ್ಮದಿ ಪಡುತ್ತೀರಿ. ದಯವಿಟ್ಟು ಗ್ರಾಮ ನಕ್ಷೆಯನ್ನೂ ತೆಗೆಸಿ. ಒಂದು ಮೈಲಿಗೆ ಎಂಟು ಇಂಚಿನ ಅಳತೆಯ ನಕ್ಷೆ ಅದು. ಒಂದು ಇಂಚು ಅಂದರೆ ಒಂದು ಫರ್ಲಾಂಗು, ಇಪ್ಪತ್ತು ಸರಪಳಿ. ಅದರ ಮೇಲೆ ನಿಮ್ಮ 30-40 ನಿವೇಶನ ಒಂದು ಅಕ್ಕಿಕಾಳಿಗಿಂತ ಚಿಕ್ಕದು. ಆದರೆ ಆ ಕಾಳಿನ ಪಕ್ಕ ಹಳ್ಳದ ಜೋಡಿಗೆರೆ ಹಾದುಹೋಗಿದೆಯೇ, ಪಹಣಿಯಲ್ಲಿ ‘ಬ’ ಖರಾಬು ಇದೆಯೇ ನೋಡಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ನೋಡಬಹುದು. ಹಳೆಯ ಗ್ರಾಮ ನಕ್ಷೆಯೂ ಹೊಸ ಚಿತ್ರವೂ ಅಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಈ ಕಡೆಯ ಹಳ್ಳಗಳ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕಡೆಗೆ ಕಾವೇರಿಗೆ. ಹತ್ತು ವರ್ಷ ಒಣಗಿದ್ದ ಹಳ್ಳವೂ ಒಂದು ಸ್ವಾತಿ ಮಳೆಗೆ ತನ್ನ ದಾರಿ ಹಿಡಿಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಹೋಗುತ್ತೇನೆ. ಲ್ಯಾಂಡ್‌ಸ್ಯಾಟ್ ಚಿತ್ರಗಳೆಲ್ಲ 2008ರಿಂದ ಪುಕ್ಕಟೆ ಸಿಗುತ್ತಿವೆ, ಇಸ್ರೋದ ಭುವನ್ ಜಾಲತಾಣ 2009ರಿಂದ ಇದೆ. ಪ್ರತಿ ಐದು ವರ್ಷಕ್ಕೆ ಒಂದರಂತೆ ಈ ಊರಿನ ಚಿತ್ರ ತೆಗೆದು ಗೋಡೆಗೆ ಅಂಟಿಸಿ. ಆಮೇಲೆ ಅಜ್ಜಿ ತಾತಂದಿರನ್ನು ಅದರ ಮುಂದೆ ಕೂರಿಸಿ. ‘ಇದು ನಮ್ಮ ಕಣ’, ‘ಇಲ್ಲಿ ಬಂಡಿದಾರಿ ಇತ್ತು’, ‘ಈ ತೋಪಿನಲ್ಲಿ ದನ ನಿಲ್ಲಿಸುತ್ತಿದ್ದೆವು’ ಎಂದು ಅವರು ಬೆರಳಿಟ್ಟ ಕಡೆ ಹೆಸರು ಬರೆಯಿರಿ. ಆ ಹೆಸರುಗಳು ಯಾವ ಸರ್ವರಿನಲ್ಲೂ ಇಲ್ಲ, ಅವರ ಜೊತೆಗೇ ಹೊರಟುಹೋಗುತ್ತವೆ. ಅಂಕಿ ನಾಳೆಯೂ ಸಿಗುತ್ತದೆ. ಹೆಸರಿಗೆ ಕಾಲ ಕಡಿಮೆ ಇದೆ.

ನನ್ನ ಹಾಳೆಯ ಅಂಚಿನಲ್ಲಿ ನಾನೂ ಒಂದಷ್ಟು ಜಾಗ ಖಾಲಿ ಬಿಟ್ಟು ತಂದಿದ್ದೇನೆ. ಬೆಳಿಗ್ಗೆ ಏರಿಯ ಮೇಲೆ ನಡೆಯುವಾಗ ಹಳೆಯ ತೂಬು ಯಾವ ಕಡೆ ಇತ್ತು, ಅಚ್ಚುಕಟ್ಟಿನ ಗದ್ದೆಗೆ ಕಾಲುವೆ ಎಲ್ಲಿ ತಿರುಗುತ್ತಿತ್ತು ಎಂದು ನನಗೆ ಗುರುತು ಹತ್ತಲಿಲ್ಲ. ಅದನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿ ಇದ್ದರೆ, ಚಹಾ ಮುಗಿದ ಮೇಲೆ ನನ್ನ ಜೊತೆ ಅಲ್ಲಿಯವರೆಗೆ ಬನ್ನಿ. ಪೆನ್ಸಿಲು ತಂದಿದ್ದೇನೆ.